ಜರ್ಮನಿಯ ಶಾಲೆಗೆ ಹೊರಟ ಕನ್ನಡದ ಮಕ್ಕಳು

ಕುಟುಂಬ ಸಮೇತ ವಿದೇಶಕ್ಕೆ ಹೊರಟವರನ್ನು ನೆಂಟರಿಷ್ಟರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸಂಬಳ ಎಷ್ಟು, ಮನೆ ಬಾಡಿಗೆ ಎಷ್ಟು, ಚಳಿ ತಡೆಯಲು ಆಗುತ್ತದಾ, ಅಕ್ಕಿ-ಬೇಳೆ ಸಿಗುತ್ತದಾ. ಮಕ್ಕಳ ವಿಷಯ ಬಂದಾಗ ಮಾತ್ರ ಯಾರೂ ಪ್ರಶ್ನೆ ಕೇಳುವುದಿಲ್ಲ. ‘ಮಕ್ಕಳಲ್ವಾ, ಬೇಗ ಹೊಂದಿಕೊಳ್ತಾವೆ ಬಿಡಿ’ ಎಂದು ಅವರೇ ಉತ್ತರ ಹೇಳಿ ಮುಗಿಸುತ್ತಾರೆ.

ಹೊಂದಿಕೊಳ್ಳುತ್ತಾರೆ, ನಿಜ. ಆದರೆ ಅದೊಂದು ಕೆಲಸ. ಆ ಕೆಲಸವನ್ನು ಮಕ್ಕಳು ದಿನಾ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ, ಅಪ್ಪ-ಅಮ್ಮ ಯಾರೂ ಇಲ್ಲದ ಕೋಣೆಯಲ್ಲಿ, ಒಂದು ಪದವೂ ಗೊತ್ತಿಲ್ಲದ ಭಾಷೆಯಲ್ಲಿ ಮಾಡಬೇಕು. ನಾವು ಬೆಂಗಳೂರಿನಿಂದ ಜರ್ಮನಿಯ ಮ್ಯೂನಿಕ್‌ಗೆ ಬಂದು ಮೂರು ವರ್ಷ ದಾಟಿತು. ಬಂದಾಗ ಮಗಳಿಗೆ ಏಳು, ಮಗನಿಗೆ ನಾಲ್ಕು. ಈ ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಅತಿ ಹೆಚ್ಚು ದುಡಿದವರು ಯಾರು ಎಂದರೆ ನಾನು ಯೋಚಿಸದೆ ಮಗಳ ಕಡೆ ಕೈ ತೋರಿಸುತ್ತೇನೆ.

ಭಾಷೆಗೇ ಒಂದು ತರಗತಿ

ಜರ್ಮನಿಯಲ್ಲಿ ಹದಿನಾರು ರಾಜ್ಯಗಳಿವೆ. ಶಾಲೆಯ ನಿಯಮ ಆಯಾ ರಾಜ್ಯದ್ದು. ಮ್ಯೂನಿಕ್ ಇರುವುದು ಬವೇರಿಯಾ ರಾಜ್ಯದಲ್ಲಿ. ಇಲ್ಲಿ ಆರು ವರ್ಷಕ್ಕೆ ಒಂದನೇ ತರಗತಿ. ಮೊದಲ ನಾಲ್ಕು ವರ್ಷದ ಪ್ರಾಥಮಿಕ ಶಾಲೆಗೆ ‘ಗ್ರುಂಡ್‌ಶೂಲೆ’ ಎನ್ನುತ್ತಾರೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ಯೂನಿಫಾರ್ಮ್ ಇಲ್ಲ. ಪಠ್ಯಪುಸ್ತಕವನ್ನು ಶಾಲೆಯೇ ಎರವಲು ಕೊಡುತ್ತದೆ. ವರ್ಷದ ಕೊನೆಗೆ ಹಾಗೇ ಹಿಂತಿರುಗಿಸಬೇಕು. ಪುಸ್ತಕದ ಒಳರಟ್ಟಿನಲ್ಲಿ ಹಿಂದಿನ ವರ್ಷಗಳಲ್ಲಿ ಅದನ್ನು ಓದಿದ ಮಕ್ಕಳ ಹೆಸರುಗಳು ಸಾಲಾಗಿ ಇರುತ್ತವೆ. ಅಣ್ಣನ ಪುಸ್ತಕ ತಮ್ಮನಿಗೆ, ತಮ್ಮನದು ಪಕ್ಕದ ಮನೆಯವರಿಗೆ ಎಂದು ಓದಿ ಬೆಳೆದ ನಮ್ಮಂಥವರಿಗೆ ಇದು ಹೊಸದೇನಲ್ಲ.

ಜರ್ಮನ್ ಬಾರದ ಮಕ್ಕಳಿಗಾಗಿ ಕೆಲವು ಶಾಲೆಗಳಲ್ಲಿ ‘ಡಾಯ್ಚ್‌ಕ್ಲಾಸ್ಸೆ’ ಎಂಬ ತರಗತಿ ಇರುತ್ತದೆ. ಅಂದರೆ ಜರ್ಮನ್ ಭಾಷೆಯ ತರಗತಿ. ದಿನದ ಬಹುಪಾಲು ಅಲ್ಲಿ ಭಾಷೆ ಕಲಿಯಬೇಕು. ಸಂಗೀತ, ಚಿತ್ರಕಲೆ, ಆಟದಂಥ ಪಾಠಗಳಿಗೆ ಉಳಿದ ಮಕ್ಕಳ ಜೊತೆ ಸೇರಬಹುದು. ಮಗಳಿಗೆ ಮೊದಲ ವರ್ಷ ಅಲ್ಲೇ ಜಾಗ ಸಿಕ್ಕಿತು. ಅವಳ ಪಕ್ಕದಲ್ಲಿ ಕೂತವಳು ಉಕ್ರೇನಿನಿಂದ ಬಂದವಳು, ಹಿಂದಿನ ಬೆಂಚಿನವನು ಸಿರಿಯಾದವನು. ಯಾರಿಗೂ ಯಾರ ಭಾಷೆಯೂ ಗೊತ್ತಿಲ್ಲ. ಹೀಗಾಗಿ ಅವರೆಲ್ಲ ಜಗಳ ಆಡಲಿಕ್ಕಾದರೂ ಜರ್ಮನ್ ಕಲಿಯಲೇಬೇಕಾಯಿತು.

ಮೊದಲ ತಿಂಗಳುಗಳಲ್ಲಿ ಅವಳ ನೋಟ್‌ಬುಕ್ಕಿನ ಅಂಚಿನಲ್ಲಿ ಸಣ್ಣ ಅಕ್ಷರದ ಕನ್ನಡ ಕಾಣುತ್ತಿತ್ತು. ಜರ್ಮನ್ ಪದದ ಉಚ್ಚಾರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಕನ್ನಡ ಬಲ್ಲ ಮಕ್ಕಳಿಗೆ ಜರ್ಮನ್ ಕಲಿಯುವಾಗ ಒಂದು ಅನುಕೂಲ ಇದೆ ಎಂದು ನನಗೆ ಗೊತ್ತಾದದ್ದು ಆಗ. ಜರ್ಮನ್ನಿನಲ್ಲಿ ‘ಓಫನ್’ ಎಂದರೆ ಒಲೆ, ‘ಒಫನ್’ ಎಂದರೆ ತೆರೆದಿದೆ ಎಂದು. ಒ ಮತ್ತು ಓ ಬೇರೆ ಬೇರೆ ಎಂದು ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಯೇ ಅಲ್ಲಿ ಗೆಳೆಯರಿಗೆ ‘ಡೂ’, ಹಿರಿಯರಿಗೆ ‘ಜೀ’. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಮಗಳು ಮಾತ್ರ ಮೊದಲ ವಾರವೇ ‘ಅಮ್ಮಾ, ನೀನು ಮತ್ತು ನೀವು’ ಎಂದು ವಿವರಿಸಿ ಮುಗಿಸಿದಳು.

ಚಪ್ಪಲಿ, ಬುತ್ತಿ, ತೋರುಬೆರಳು

ಹೊಸ ಶಾಲೆಯಲ್ಲಿ ಮಗುವಿಗೆ ದಿಗಿಲಾಗುವುದು ದೊಡ್ಡ ವಿಷಯಗಳಿಂದ ಅಲ್ಲ, ಉಳಿದವರಿಗೆಲ್ಲ ಗೊತ್ತಿದ್ದು ತನಗೊಬ್ಬಳಿಗೇ ಗೊತ್ತಿಲ್ಲದ ಸಣ್ಣ ಸಂಗತಿಗಳಿಂದ. ಇಲ್ಲಿ ಬಹಳಷ್ಟು ಶಾಲೆಗಳಲ್ಲಿ ಹೊರಗಿನ ಬೂಟನ್ನು ತರಗತಿಯ ಬಾಗಿಲಲ್ಲೇ ಬಿಚ್ಚಿ, ಒಳಗೆ ಹಾಕಿಕೊಳ್ಳುವ ಮೆತ್ತನೆಯ ಚಪ್ಪಲಿ ತೊಡಬೇಕು. ಅಲ್ಲೇ ಗೋಡೆಯ ಗೂಟಕ್ಕೆ ಜಾಕೆಟ್. ಮಾತಾಡಬೇಕೆಂದರೆ ಇಡೀ ಕೈ ಎತ್ತುವುದಲ್ಲ, ತೋರುಬೆರಳೊಂದನ್ನು ಮೇಲೆತ್ತಬೇಕು. ಟೀಚರ್ ಒಳಗೆ ಬಂದರೆ ‘ಗುಡ್ ಮಾರ್ನಿಂಗ್ ಮಿಸ್’ ರಾಗ ಇಲ್ಲ. ಅವರ ಮನೆತನದ ಹೆಸರಿನ ಹಿಂದೆ ‘ಫ್ರೌ’ ಸೇರಿಸಿ ಕರೆಯಬೇಕು. ಬರೆಯಲು ಮೊದಲು ಪೆನ್ಸಿಲ್, ಆಮೇಲೆ ಇಂಕ್ ಪೆನ್. ಹೌದು, ನಿಬ್ಬು ಇರುವ ಇಂಕ್ ಪೆನ್ನೇ! ಬೆರಳಿಗೆಲ್ಲ ಮಸಿ ಮೆತ್ತಿಕೊಂಡ ಮೊಮ್ಮಗಳನ್ನು ವಿಡಿಯೋ ಕಾಲಿನಲ್ಲಿ ನೋಡಿ ಶಿವಮೊಗ್ಗದಲ್ಲಿರುವ ನಮ್ಮ ಮಾವನವರಿಗೆ ಆದಷ್ಟು ಸಂತೋಷ ಇನ್ನಾರಿಗೂ ಆಗಿರಲಾರದು.

ಬುತ್ತಿಯದು ಇನ್ನೊಂದು ಲೆಕ್ಕ. ಬೆಳಗಿನ ವಿರಾಮದಲ್ಲಿ ತಿನ್ನಲು ಸಿಗುವುದು ಹತ್ತು ನಿಮಿಷ. ಆಮೇಲೆ ಮಳೆಯಿರಲಿ, ಚಳಿಯಿರಲಿ, ಎಲ್ಲರೂ ಅಂಗಳಕ್ಕೆ. ಉಳಿದ ಮಕ್ಕಳ ಡಬ್ಬಿಯಲ್ಲಿ ಬ್ರೆಡ್, ಚೀಸ್, ಸೌತೆಕಾಯಿ ಹೋಳು, ಸೇಬು. ಎಲ್ಲವೂ ಕೈಯಲ್ಲಿ ಹಿಡಿದು ತಿನ್ನುವಂಥದ್ದು, ತಣ್ಣಗಿದ್ದರೂ ನಡೆಯುವಂಥದ್ದು. ಈ ಲೆಕ್ಕದಲ್ಲಿ ಚಿತ್ರಾನ್ನ, ಉಪ್ಪಿಟ್ಟು ಸೋಲುತ್ತವೆ. ಬೆಲ್ಲ-ತುಪ್ಪ ಸವರಿ ಸುರುಳಿ ಸುತ್ತಿದ ಚಪಾತಿ ಗೆಲ್ಲುತ್ತದೆ. ಕೋಡುಬಳೆಯಂತೂ ತರಗತಿಯಲ್ಲಿ ವಿನಿಮಯದ ನಾಣ್ಯವೇ ಆಗಿಬಿಟ್ಟಿದೆ. ಒಂದು ಕೋಡುಬಳೆಗೆ ಎರಡು ಸ್ಟ್ರಾಬೆರಿ ಎಂಬ ದರವನ್ನು ಮಕ್ಕಳೇ ನಿಗದಿ ಮಾಡಿಕೊಂಡಿದ್ದಾರೆ.

ಮಗ ಒಂದನೇ ತರಗತಿಗೆ ಸೇರಿದ ದಿನ ಮಾತ್ರ ನಮ್ಮ ಮನೆಯಲ್ಲಿ ಹಬ್ಬ. ಒಂದನೇ ತರಗತಿಯ ಮೊದಲ ದಿನ ಮಗುವಿನ ಕೈಗೆ ಅದರ ಅರ್ಧ ಎತ್ತರದಷ್ಟು ದೊಡ್ಡ, ಬಣ್ಣದ ಕಾಗದದ ಶಂಕು ಕೊಡುವುದು ಇಲ್ಲಿ ಸುಮಾರು ಇನ್ನೂರು ವರ್ಷಗಳ ರೂಢಿ. ‘ಶೂಲ್‌ಟ್ಯೂಟೆ’ ಎಂದು ಅದರ ಹೆಸರು. ಒಳಗೆ ಸಿಹಿ, ಪೆನ್ಸಿಲ್, ಪುಟ್ಟ ಆಟಿಕೆ. ನಮ್ಮಲ್ಲಿ ಅಕ್ಕಿಯ ಮೇಲೆ ಓಂಕಾರ ಬರೆಸುತ್ತೇವೆ, ಅವರಲ್ಲಿ ಶಂಕು ಹೊರಿಸುತ್ತಾರೆ. ನಾವು ಎರಡನ್ನೂ ಮಾಡಿದೆವು. ಬೆಳಿಗ್ಗೆ ಅಕ್ಕಿ, ಹತ್ತು ಗಂಟೆಗೆ ಶಂಕು.

ಏಳು ಮತ್ತು ನಲವತ್ತು

‘ನಮ್ಮ ಮಕ್ಕಳು ಲೆಕ್ಕದಲ್ಲಿ ಮುಂದು’ ಎಂಬ ಹೆಮ್ಮೆ ನಮಗೆಲ್ಲ ಇದ್ದೇ ಇರುತ್ತದೆ. ಮಗಳ ಮೊದಲ ಬಾಯಿಲೆಕ್ಕದ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ತಪ್ಪು. ಕಾರಣ ಲೆಕ್ಕ ಅಲ್ಲ, ಭಾಷೆ. ಕನ್ನಡದಲ್ಲಿ ನಾವು ನಲವತ್ತು ಹೇಳಿ ಆಮೇಲೆ ಏಳು ಸೇರಿಸುತ್ತೇವೆ, ನಲವತ್ತೇಳು. ಜರ್ಮನ್ನಿನಲ್ಲಿ ಮೊದಲು ಏಳು, ಆಮೇಲೆ ನಲವತ್ತು. ‘ಜೀಬನ್ ಉಂಡ್ ಫಿಯರ್‌ತ್ಸಿಶ್’, ಅಂದರೆ ‘ಏಳು ಮತ್ತು ನಲವತ್ತು’. ಕೇಳಿದ ಕ್ರಮದಲ್ಲೇ ಬರೆದರೆ 74. ಮುನ್ನೂರ ನಲವತ್ತೇಳು ಇನ್ನೂ ಮಜಾ: ‘ಮುನ್ನೂರು ಏಳು ಮತ್ತು ನಲವತ್ತು.’

ಇಷ್ಟಕ್ಕೇ ಮುಗಿಯುವುದಿಲ್ಲ. ಇಲ್ಲಿ 1 ಬರೆಯುವಾಗ ತಲೆಯ ಮೇಲೊಂದು ಉದ್ದ ಕೊಕ್ಕೆ ಹಾಕುತ್ತಾರೆ, ನಮ್ಮ ಕಣ್ಣಿಗೆ ಅದು 7. ನಿಜವಾದ 7ಕ್ಕೆ ನಡುವೆ ಒಂದು ಅಡ್ಡಗೆರೆ. ದಶಮಾಂಶಕ್ಕೆ ಚುಕ್ಕಿ ಅಲ್ಲ, ಅಲ್ಪವಿರಾಮ. ಎರಡೂವರೆ ಯೂರೋ ಎಂದರೆ 2,50. ಗುಣಾಕಾರಕ್ಕೆ ಚುಕ್ಕಿ, ಭಾಗಾಕಾರಕ್ಕೆ ಎರಡು ಚುಕ್ಕಿ. ಗಣಿತ ಜಗತ್ತಿನ ಭಾಷೆ ಎನ್ನುತ್ತಾರೆ. ಆ ಭಾಷೆಗೂ ಊರೂರಿನ ಆಡುಮಾತು ಇದೆ ಎಂದು ಮಗಳು ಎರಡನೇ ತರಗತಿಯಲ್ಲೇ ಕಂಡುಕೊಂಡಳು.

ಇನ್ನು ಅಂಕಗಳು. ಇಲ್ಲಿ 1 ಎಂದರೆ ಅತ್ಯುತ್ತಮ, 6 ಎಂದರೆ ಅತಿ ಕಳಪೆ. ಮಗಳು ಒಮ್ಮೆ ಕುಣಿಯುತ್ತಾ ಅಜ್ಜಿಗೆ ಫೋನಿನಲ್ಲಿ ‘ನಂಗೆ ಮ್ಯಾಥ್ಸಲ್ಲಿ ಒಂದು ಬಂತು’ ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಜ್ಜಿ ಮೆಲ್ಲಗೆ, ‘ಪರವಾಗಿಲ್ಲ ಪುಟ್ಟಾ, ಮುಂದಿನ ಸಲ ಓದಿಕೋ’ ಎಂದರು.

ಮಾತಾಡದ ಹುಡುಗಿ

ನಗುವ ಸಂಗತಿಗಳನ್ನು ಹೇಳಿದೆ. ನಗು ಬಾರದ ದಿನಗಳೂ ಇದ್ದವು. ಮೊದಲ ಐದು ತಿಂಗಳು ಮಗಳು ಶಾಲೆಯಲ್ಲಿ ಬಾಯಿ ತೆರೆಯಲಿಲ್ಲ. ಬೆಂಗಳೂರಿನಲ್ಲಿ ಅವಳ ಮೇಲಿದ್ದ ದೂರು ಒಂದೇ, ವಿಪರೀತ ಮಾತು ಎಂದು. ಇಲ್ಲಿ ಅದೇ ಹುಡುಗಿ ಶಾಲೆ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದಂತೆ ಗೋಡೆಗೆ ಒರಗಿ ನಿದ್ದೆ ಹೋಗಿಬಿಡುತ್ತಿದ್ದಳು. ದಿನವಿಡೀ ಅರ್ಥವಾಗದ ಮಾತು ಕೇಳುವುದು ಓಡುವುದಕ್ಕಿಂತ ಹೆಚ್ಚು ದಣಿಸುತ್ತದೆ.

ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮೌನವಾಗಿ ಕೇಳಿಸಿಕೊಳ್ಳುತ್ತಾ ಇರುವುದು ಸಾಮಾನ್ಯ. ಭಾಷಾ ಶಿಕ್ಷಕರಿಗೆ ಇದು ಚೆನ್ನಾಗಿ ಗೊತ್ತು. ತಾಯಿ-ತಂದೆಗೆ ಮಾತ್ರ ಎದೆಬಡಿತ. ಅದರಲ್ಲೂ ಇಲ್ಲಿನ ಶಾಲೆಯಲ್ಲಿ ಬಾಯಿಬಿಟ್ಟು ಮಾತಾಡುವುದಕ್ಕೂ ಬೆಲೆ ಇದೆ. ಬರವಣಿಗೆಯ ಪರೀಕ್ಷೆಯಷ್ಟೇ ಅಲ್ಲ, ತರಗತಿಯಲ್ಲಿ ತಾನಾಗಿ ಬೆರಳೆತ್ತಿ ಹೇಳುವುದೂ ಅಂಕಕ್ಕೆ ಸೇರುತ್ತದೆ. ‘ಟೀಚರ್ ಕೇಳಿದಾಗ ಮಾತ್ರ ಮಾತಾಡಬೇಕು’ ಎಂದು ಕಲಿತು ಬಂದ ಮಗುವಿಗೆ ಇದು ಎಲ್ಲಕ್ಕಿಂತ ಕಷ್ಟದ ಪಾಠ.

ವರ್ಷದ ನಡುವೆ ಶಾಲೆಯಿಂದ ಕರೆ ಬಂತು. ಬವೇರಿಯಾದ ಬಹಳಷ್ಟು ಶಾಲೆಗಳಲ್ಲಿ ಮೊದಲ ಮೂರು ತರಗತಿಗಳಿಗೆ ಅರ್ಧವಾರ್ಷಿಕ ಅಂಕಪಟ್ಟಿಯ ಬದಲು ಒಂದು ಮಾತುಕತೆ ನಡೆಯುತ್ತದೆ. ಟೀಚರ್, ಮಗು, ತಂದೆ-ತಾಯಿ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಆದರೆ ಮಾತು ಟೀಚರ್ ಮತ್ತು ಮಗುವಿನ ನಡುವೆ. ನಾವು ಕೇಳಿಸಿಕೊಳ್ಳಬೇಕು. ಅದಕ್ಕೂ ಮುಂಚೆ ಮಗುವೇ ಒಂದು ಹಾಳೆ ತುಂಬಿಸಿರುತ್ತದೆ: ನಾನು ಬೇರೆಯವರ ಮಾತು ಕೇಳಿಸಿಕೊಳ್ಳುತ್ತೇನಾ, ನನ್ನ ವಸ್ತುಗಳನ್ನು ಓರಣವಾಗಿ ಇಡುತ್ತೇನಾ, ನನಗೆ ಓದಲು ಬರುತ್ತದಾ ಎಂದು. ಮಗಳು ‘ನಾನು ತರಗತಿಯಲ್ಲಿ ಮಾತಾಡುತ್ತೇನೆ’ ಎಂಬ ಸಾಲಿನ ಮುಂದೆ ಏನನ್ನೂ ಗುರುತು ಹಾಕದೆ ಖಾಲಿ ಬಿಟ್ಟಿದ್ದಳು. ಟೀಚರ್ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಏನೋ ಕೇಳಿದರು. ಮಗಳು ತುಂಬಾ ಹೊತ್ತು ಮೇಜು ನೋಡಿದಳು. ಆಮೇಲೆ ಜರ್ಮನ್ನಿನಲ್ಲಿ ಎರಡೇ ಪದ ಹೇಳಿದಳು: ‘ನೊಖ್ ನಿಷ್ಟ್.’ ಇನ್ನೂ ಇಲ್ಲ, ಎಂದು. ‘ಇನ್ನೂ’ ಎಂದಿದ್ದಾಳಲ್ಲ, ಅಷ್ಟು ಸಾಕು ಎಂದು ಟೀಚರ್ ಆ ಹಾಳೆಯನ್ನು ಹಾಗೇ ಮಡಚಿಟ್ಟರು.

ನಾವು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ. ಮನೆಯಲ್ಲೂ ಜರ್ಮನ್ ಮಾತಾಡಲು ಶುರು ಮಾಡಬೇಕಾ? ಬೇಡ ಎಂದರು. ‘ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಅವಳ ಜೊತೆ ತುಂಬಾ ಮಾತಾಡಿ, ಕತೆ ಓದಿ. ಜರ್ಮನ್ ನಾವು ನೋಡಿಕೊಳ್ಳುತ್ತೇವೆ.’ ಮಕ್ಕಳ ಎರಡನೇ ಭಾಷೆ ಗಟ್ಟಿಯಾಗಲು ಮೊದಲ ಭಾಷೆ ಗಟ್ಟಿಯಾಗಿರಬೇಕು ಎಂಬುದು ಭಾಷಾ ತಜ್ಞರು ಬಹುಕಾಲದಿಂದ ಹೇಳುತ್ತಾ ಬಂದಿರುವ ಮಾತೇ. ಆದರೆ ಆ ದಿನ, ಆ ಊರಿನಲ್ಲಿ, ಪರಭಾಷೆಯ ಟೀಚರ್ ಬಾಯಿಂದ ‘ನಿಮ್ಮ ಭಾಷೆ ಬಿಡಬೇಡಿ’ ಎಂದು ಕೇಳಿದ್ದು ನಮಗೆ ದೊಡ್ಡ ಧೈರ್ಯವಾಯಿತು.

ಒಬ್ಬಳೇ ನಡೆದು ಹೋಗುವ ದಾರಿ

ಇಲ್ಲಿ ಒಂದು, ಎರಡನೇ ತರಗತಿಯ ಮಕ್ಕಳೂ ಶಾಲೆಗೆ ತಾವೇ ನಡೆದು ಹೋಗುತ್ತಾರೆ. ರಸ್ತೆ ದಾಟುವ ಕಡೆ ಸ್ವಯಂಸೇವಕರು ನಿಂತಿರುತ್ತಾರೆ. ಮಕ್ಕಳು ಸ್ವತಂತ್ರವಾಗಬೇಕು, ಸಾಧ್ಯವಾದಷ್ಟು ಮಟ್ಟಿಗೆ ಕಾರಿನಲ್ಲಿ ತಂದು ಬಿಡಬೇಡಿ ಎಂದು ಶಾಲೆಯೇ ಹೇಳುತ್ತದೆ. ಮಗಳು ಮೊದಲ ಸಲ ಒಬ್ಬಳೇ ಹೊರಟಾಗ ನಾನು ಬಾಲ್ಕನಿಯಲ್ಲಿ, ನನ್ನವರು ಐವತ್ತು ಹೆಜ್ಜೆ ಹಿಂದೆ ಮರಗಳ ಮರೆಯಲ್ಲಿ! ಒಂದು ವಾರದ ನಂತರ ಆ ಕಾವಲನ್ನು ಮಗಳೇ ಕಂಡುಹಿಡಿದು ನಿಲ್ಲಿಸಿದಳು.

ನಾಲ್ಕನೇ ತರಗತಿಯಲ್ಲಿ ಸೈಕಲ್ ಪರೀಕ್ಷೆ ಇದೆ. ಪೊಲೀಸರೇ ಬಂದು ಕಲಿಸುತ್ತಾರೆ, ಅವರೇ ಪರೀಕ್ಷೆ ಮಾಡುತ್ತಾರೆ. ರಸ್ತೆ ಚಿಹ್ನೆಗಳ ಬಗ್ಗೆ ಬರೆಯುವ ಪರೀಕ್ಷೆ ಬೇರೆ, ಓಡಿಸಿ ತೋರಿಸುವುದು ಬೇರೆ. ಎಡಕ್ಕೆ ತಿರುಗುವ ಮುನ್ನ ಹಿಂದೆ ನೋಡಿ, ಕೈ ಚಾಚಿ, ಮತ್ತೊಮ್ಮೆ ನೋಡಿ ತಿರುಗಬೇಕು. ಈಜಿಗೂ ಅಷ್ಟೇ ಮಹತ್ವ. ಮೊದಲ ಹಂತದ ಬ್ಯಾಡ್ಜಿನ ಹೆಸರು ಕಡಲ್ಗುದುರೆ. ಅದಕ್ಕೆ ನೀರಿಗೆ ಹಾರಿ 25 ಮೀಟರ್ ಈಜಬೇಕು, ಭುಜದಷ್ಟು ಆಳದ ನೀರಿನ ತಳದಿಂದ ಒಂದು ವಸ್ತುವನ್ನು ಎತ್ತಿ ತರಬೇಕು. ಜರ್ಮನ್ ಬಾರದ ದಿನಗಳಲ್ಲಿ ಮಗಳು ಮೊದಲು ಗೆದ್ದದ್ದು ಇದನ್ನೇ. ನೀರೊಳಗೆ ಯಾರೂ ಮಾತಾಡಬೇಕಾಗಿಲ್ಲವಲ್ಲ. ಈಜುಡುಪಿನ ಮೇಲೆ ಆ ಪುಟ್ಟ ಕಡಲ್ಗುದುರೆ ಹೊಲಿದುಕೊಂಡ ವಾರವೇ ಅವಳಿಗೆ ಮೊದಲ ಗೆಳತಿ ಸಿಕ್ಕಳು.

ರಜೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಶಾಲೆಗೆ ಹೋಗುವುದು ಇಲ್ಲಿ ಕಾನೂನಿನ ಕಡ್ಡಾಯ. ‘ಊರಲ್ಲಿ ಮದುವೆ, ಹತ್ತು ದಿನ ರಜೆ ಕೊಡಿ’ ಎಂಬ ಚೀಟಿಗೆ ಇಲ್ಲಿ ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ. ರಜೆಗೆ ಒಂದೆರಡು ದಿನ ಮುಂಚೆ ವಿಮಾನ ನಿಲ್ದಾಣದಲ್ಲಿ ಶಾಲೆಯ ವಯಸ್ಸಿನ ಮಕ್ಕಳಿರುವ ಕುಟುಂಬಗಳನ್ನು ಪೊಲೀಸರು ವಿಚಾರಿಸಿದ ಪ್ರಸಂಗಗಳೂ ಬವೇರಿಯಾದಲ್ಲಿ ನಡೆದಿವೆ. ಬೇಸಿಗೆ ರಜೆ ಶುರುವಾಗುವುದು ಜುಲೈ ಕೊನೆ ಅಥವಾ ಆಗಸ್ಟ್ ಆರಂಭಕ್ಕೆ, ಮುಗಿಯುವುದು ಸೆಪ್ಟೆಂಬರ್ ನಡುವೆ. ಹಾಗಾಗಿ ನಮ್ಮ ಮಕ್ಕಳಿಗೆ ವರಮಹಾಲಕ್ಷ್ಮಿ ಗೊತ್ತು, ದಸರೆ ಗೊತ್ತಿಲ್ಲ. ಮಾವಿನಹಣ್ಣಿನ ಕಾಲವೂ ಅವರಿಗೆ ತಪ್ಪಿಹೋಗಿದೆ.

ಹತ್ತನೇ ವಯಸ್ಸಿನ ಕವಲುದಾರಿ

ಇಲ್ಲಿನ ವ್ಯವಸ್ಥೆಯಲ್ಲಿ ನಮ್ಮಂಥವರಿಗೆ ನಿದ್ದೆಗೆಡಿಸುವುದು ನಾಲ್ಕನೇ ತರಗತಿ. ಐದರಿಂದ ಮೂರು ದಾರಿಗಳು ಬೇರೆಯಾಗುತ್ತವೆ. ವಿಶ್ವವಿದ್ಯಾಲಯದ ಕಡೆ ನೇರವಾಗಿ ಹೋಗುವುದು ‘ಗಿಮ್ನಾಜಿಯುಮ್’. ಹತ್ತನೇ ತರಗತಿಯವರೆಗಿನ ನಡುವಿನ ದಾರಿ ‘ರೆಯಾಲ್‌ಶೂಲೆ’. ಕೆಲಸದ ತರಬೇತಿಯ ಕಡೆ ಹೆಚ್ಚು ಒಲವಿರುವುದು ‘ಮಿಟ್ಟಲ್‌ಶೂಲೆ’. ಮೇ ತಿಂಗಳ ಆರಂಭದಲ್ಲಿ ಕೈಗೆ ಬರುವ ಅಂಕಪಟ್ಟಿ ಇದನ್ನು ಹೇಳುತ್ತದೆ. ಜರ್ಮನ್, ಗಣಿತ, ಊರು-ಪರಿಸರದ ಪಾಠ ಈ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ಗಿಮ್ನಾಜಿಯುಮ್, 2.66ರವರೆಗೆ ರೆಯಾಲ್‌ಶೂಲೆ. ಅಂಕ ಸಾಲದಿದ್ದರೆ ಮೂರು ದಿನದ ಪ್ರಾಯೋಗಿಕ ತರಗತಿಯಲ್ಲಿ ಪರೀಕ್ಷೆಗೆ ಕೂರಬಹುದು. ತಡವಾಗಿ ಬಂದು ಭಾಷೆಯಿಂದಾಗಿ ಹಿಂದುಳಿದ ಮಕ್ಕಳಿಗೆ ಒಂದಿಷ್ಟು ರಿಯಾಯಿತಿಯೂ ಇದೆ.

ಆದರೂ ಹತ್ತು ವರ್ಷದ ಮಗುವಿನ ಕೈಯಲ್ಲಿ ಇದನ್ನೆಲ್ಲ ಇಡುವುದು ನನಗೆ ಇವತ್ತಿಗೂ ಒಪ್ಪಿಗೆಯಾಗದ ಸಂಗತಿ. ಮೂರು ವರ್ಷದ ಹಿಂದೆ ಒಂದು ಪದವೂ ಗೊತ್ತಿರದ ಭಾಷೆಯಲ್ಲಿ ಮಗಳು ಇಲ್ಲೇ ಹುಟ್ಟಿದವರ ಜೊತೆ ಅದೇ ಪರೀಕ್ಷೆ ಬರೆಯಬೇಕಿತ್ತು. ಗಣಿತದಲ್ಲಿ 1, ಪರಿಸರದಲ್ಲಿ 3, ಜರ್ಮನ್ನಿನಲ್ಲಿ 4. ಸರಾಸರಿ 2.66. ರಿಯಾಯಿತಿ ಕೇಳಿ ಗಿಮ್ನಾಜಿಯುಮ್‌ಗೆ ಪ್ರಯತ್ನಿಸೋಣವೇ ಎಂದು ನಾವು ರಾತ್ರಿಯೆಲ್ಲ ಮಾತಾಡಿದೆವು. ಬೆಳಿಗ್ಗೆ ಮಗಳೇ ಹೇಳಿದಳು, ‘ನಂಗೆ ಸ್ವಲ್ಪ ಉಸಿರು ಬಿಡೋಕೆ ಟೈಮ್ ಬೇಕಮ್ಮ.’ ಅವಳೀಗ ರೆಯಾಲ್‌ಶೂಲೆಯಲ್ಲಿ ಐದನೇ ತರಗತಿ. ಅದು ಮುಗಿದ ಮೇಲೂ ಮುಂದಿನ ಓದಿಗೆ, ಕಾಲೇಜಿಗೆ ದಾರಿ ತೆರೆದೇ ಇರುತ್ತದೆ. ಊರಿನಲ್ಲಿ ‘ಅಯ್ಯೋ, ದೊಡ್ಡ ಶಾಲೆ ಸಿಗಲಿಲ್ವಾ?’ ಎನ್ನುವವರಿಗೆ ನಾನು ವಿವರಿಸಲು ಹೋಗುವುದಿಲ್ಲ. ‘ಈಗ ಅವಳು ತರಗತಿಯಲ್ಲಿ ವಿಪರೀತ ಮಾತಾಡ್ತಾಳಂತೆ, ದೂರು ಬಂದಿದೆ’ ಎನ್ನುತ್ತೇನೆ. ಅದನ್ನು ಹೇಳುವಾಗ ನನ್ನ ಮುಖದಲ್ಲಿ ನಗು ಯಾಕೆ ಎಂದು ಅವರಿಗೆ ಅರ್ಥವಾಗುವುದಿಲ್ಲ.

ಮನೆಯೊಳಗಿನ ಕನ್ನಡ

ಮಗಳಿಗೆ ಜರ್ಮನ್ ಕಷ್ಟವಾದರೆ ಮಗನಿಗೆ ಕನ್ನಡ ಕಷ್ಟ. ನಾಲ್ಕಕ್ಕೇ ಬಂದವನು ಶಿಶುವಿಹಾರದಲ್ಲಿ ಜರ್ಮನ್ ಕುಡಿದುಬಿಟ್ಟ. ಅಕ್ಕನ ಜೊತೆ ಅವನ ಜಗಳ ಈಗ ಜರ್ಮನ್ನಿನಲ್ಲೇ. ನನ್ನ ಕನ್ನಡದ ಪ್ರಶ್ನೆಗೆ ಜರ್ಮನ್ ಉತ್ತರ. ಅಜ್ಜಿಯ ಫೋನು ಬಂದರೆ ‘ಊಟ ಆಯ್ತು, ಚೆನ್ನಾಗಿದೀನಿ’ ಎಂಬೆರಡು ಮಾತಿನ ನಂತರ ಫೋನನ್ನು ಅಕ್ಕನ ಕೈಗೆ ತುರುಕಿ ಓಡುತ್ತಾನೆ. ಅಜ್ಜಿಗೆ ಹೇಳಲು ಅವನ ಬಳಿ ಬೇಕಾದಷ್ಟು ಸುದ್ದಿ ಇದೆ, ಪದಗಳಿಲ್ಲ.

ಇದಕ್ಕೆ ಮದ್ದು ಹುಡುಕಿದವಳು ಮಗಳೇ. ಇಲ್ಲಿ ಮೂರು-ನಾಲ್ಕನೇ ತರಗತಿಯಲ್ಲಿ ಮಕ್ಕಳು ಒಂದು ವಿಷಯ ಆರಿಸಿ ಎಲ್ಲರ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು. ಬಹುತೇಕರು ನಾಯಿ, ಕುದುರೆ, ಡೈನೋಸಾರ್ ಆರಿಸುತ್ತಾರೆ. ಇವಳು ಆರಿಸಿದ್ದು ಕನ್ನಡ ಅಕ್ಷರಮಾಲೆ. ಅದರ ಜೊತೆಗೆ ಹೇಳಲು ಒಂದು ಜರ್ಮನ್ ಕತೆಯೂ ಇತ್ತು. ಫರ್ಡಿನಾಂಡ್ ಕಿಟೆಲ್ 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲಿ ಕರ್ನಾಟಕಕ್ಕೆ ಬಂದು ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಅವರು ತೀರಿಕೊಂಡದ್ದು ನಮ್ಮ ಪಕ್ಕದ ರಾಜ್ಯದ ಟ್ಯೂಬಿಂಗನ್ ಊರಿನಲ್ಲಿ, 1903ರಲ್ಲಿ. ಮಂಗಳೂರಿನಿಂದ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಕೂಡ ಆ ಕಡೆಯವರೇ. ‘ಒಬ್ಬ ಜರ್ಮನ್ ಮನುಷ್ಯ ದೊಡ್ಡವನಾದ ಮೇಲೆ ಕನ್ನಡ ಕಲಿತು ನಿಘಂಟು ಬರೆದ, ನಾನು ಚಿಕ್ಕವಳಿರುವಾಗಲೇ ಜರ್ಮನ್ ಕಲಿಯುತ್ತಿದ್ದೇನೆ’ ಎಂದು ಮಗಳು ಮುಗಿಸಿದಳಂತೆ. ಆಮೇಲೆ ತರಗತಿಯ ಎಲ್ಲರ ಹೆಸರನ್ನೂ ಕನ್ನಡದಲ್ಲಿ ಬರೆದ ಚೀಟಿ ಹಂಚಿದಳು.

ಈ ಸಂಗತಿ ತಮ್ಮನ ಕಿವಿಗೂ ಬಿತ್ತು. ಅವನ ತರಗತಿಯ ಹುಡುಗರೂ ಚೀಟಿ ಕೇಳಿದರು. ಬರೆದುಕೊಡಬೇಕಾದರೆ ಅಕ್ಷರ ಗೊತ್ತಿರಬೇಕಲ್ಲ! ಅಂದಿನಿಂದ ಶನಿವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಅಕ್ಕನೇ ಟೀಚರ್, ತಮ್ಮನೇ ವಿದ್ಯಾರ್ಥಿ. ‘ಫ್ರೌ ಅಕ್ಕ’ ಎಂದು ಕರೆಯಬೇಕೆಂಬುದು ಅಲ್ಲಿನ ನಿಯಮ.

ಹೊರಡುವವರಿಗೆ ನಾಲ್ಕು ಮಾತು

* ಮಗುವಿನ ಲಸಿಕೆಯ ದಾಖಲೆ, ಹಿಂದಿನ ಶಾಲೆಯ ಅಂಕಪಟ್ಟಿ, ಜನನ ಪ್ರಮಾಣಪತ್ರ ಕೈಚೀಲದಲ್ಲೇ ಇರಲಿ. ಜರ್ಮನಿಯ ಶಾಲೆಗಳಲ್ಲಿ ದಡಾರದ ಲಸಿಕೆ ಆಗಿರುವುದಕ್ಕೆ ದಾಖಲೆ ಕೇಳುತ್ತಾರೆ.
* ಕನ್ನಡದ ಕತೆ ಪುಸ್ತಕಗಳಿಗೆ ಸೂಟ್‌ಕೇಸಿನಲ್ಲಿ ಜಾಗ ಉಳಿಸಿ. ಸಾಂಬಾರು ಪುಡಿ ಇಲ್ಲೂ ಸಿಗುತ್ತದೆ, ಪುಸ್ತಕ ಸಿಗುವುದು ಕಷ್ಟ.
* ಮೊದಲ ಆರು ತಿಂಗಳು ಅಂಕ ಕೇಳಬೇಡಿ. ‘ಇವತ್ತು ಯಾರ ಜೊತೆ ಆಡಿದೆ?’ ಎಂದು ಕೇಳಿ.
* ಈಜು, ಫುಟ್‌ಬಾಲ್, ಸಂಗೀತ, ಯಾವುದಾದರೂ ಒಂದಕ್ಕೆ ಸೇರಿಸಿ. ಮಾತು ಬಾರದ ಕಡೆಯೂ ಗೆಲ್ಲಬಹುದಾದ ಒಂದು ಜಾಗ ಮಗುವಿಗೆ ಬೇಕು.

ಕೊನೆಯದಾಗಿ, ‘ಮಕ್ಕಳಲ್ವಾ, ಹೊಂದಿಕೊಳ್ತಾವೆ’ ಎಂದು ಯಾರಾದರೂ ಹೇಳಿದರೆ ಹೌದು ಎನ್ನಿ. ಆದರೆ ಸಂಜೆ ಮಗು ಬೂಟು ಬಿಚ್ಚಿ ಒಳಗೆ ಬಂದಾಗ, ಹೋಂವರ್ಕ್ ಕೇಳುವ ಮುನ್ನ, ಒಂದು ಲೋಟ ಬಿಸಿ ಹಾಲು ಕೊಟ್ಟು ಅರ್ಧ ಗಂಟೆ ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಆ ದಿನದ ದೊಡ್ಡ ಕೆಲಸವನ್ನು ಅದು ಆಗಲೇ ಮುಗಿಸಿ ಬಂದಿರುತ್ತದೆ.